ಅಕ್ಕ ಬಿಟ್ಟು ಹೋದ ಪಿನ್ನು

ನಾನು ಹುಟ್ಟಿ ಬೆಳೆದದ್ದು ಕೆ.ಆರ್. ನಗರದ ಕಡೆಯ ನಾಲೆ ನೀರಿನ ಊರಿನಲ್ಲಿ. ಅಲ್ಲಿ ನೆಲ ಕಾಲನ್ನು ಚುಚ್ಚುವುದಿಲ್ಲ, ಒಳಕ್ಕೆ ಎಳೆದುಕೊಳ್ಳುತ್ತದೆ. ಮದುವೆಯಾಗಿ ಪಿರಿಯಾಪಟ್ಟಣದ ಈ ಕೆಂಪು ನೆಲಕ್ಕೆ ಬಂದ ಹೊಸತರಲ್ಲೇ ನನ್ನ ಹಿಮ್ಮಡಿಗೆ ಕಾರೆಮುಳ್ಳು ಹೊಕ್ಕಿತು. ಬದುವಿನ ಮೇಲೆ ಕುಂತು ಅಳುತ್ತಿದ್ದೆ. ಮುಳ್ಳಿಗಲ್ಲ, ಕೆಸರು ನೆನೆದುಕೊಂಡು. ಆಗ ನನ್ನ ಓರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಬಂದು ನನ್ನ ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಹಿರಿಯಳು ಕಿರಿಯಳ ಕಾಲು ಮುಟ್ಟುವುದುಂಟೇ ಎಂದು ನಾನು ಎಳೆದುಕೊಂಡೆ.

"ಸುಮ್ಕೆ ಬುಡಮ್ಮಿ. ಕಾಲಲ್ಲಿ ಎಂತಾ ದೊಡ್ಡದು, ಎಂತಾ ಚಿಕ್ಕದು," ಅಂದಳು.

ಬಳೆಗೆ ಸಿಕ್ಕಿಸಿದ್ದ ಪಿನ್ನನ್ನು ತೆಗೆದು, ಹಿಮ್ಮಡಿಗೆ ಎಂಜಲು ಸವರಿ, ಒಂದು ಕಡೆಯಿಂದ ಮೆಲ್ಲಗೆ ಕೆದಕಿದಳು. ಅವಳ ತವರು ಎಚ್.ಡಿ. ಕೋಟೆಯ ಕಾಡಂಚು. ಅಲ್ಲಿನ ಹೆಣ್ಣುಮಕ್ಕಳು ನಡೆಯುವುದನ್ನು ಕಲಿತ ಮೇಲೆ ಕಲಿಯುವ ಮೊದಲನೇ ಕೆಲಸ ಮುಳ್ಳು ತೆಗೆಯುವುದಂತೆ. ಮುಳ್ಳು ಬಂತು. ಅದನ್ನು ಅಂಗೈ ಮೇಲಿಟ್ಟು ನನಗೆ ತೋರಿಸಿದಳು. ಕರ್ರಗೆ, ಸಣ್ಣಗೆ, ನನ್ನ ಒಂದು ಹನಿ ರಕ್ತ ಮೆತ್ತಿಕೊಂಡು ಅದು ಬಿಸಿಲಲ್ಲಿ ಹೊಳೆಯಿತು. ಪಿನ್ನನ್ನು ಸೆರಗಿಗೆ ಒರೆಸಿ ಮತ್ತೆ ಬಳೆಗೆ ಸಿಕ್ಕಿಸಿಕೊಂಡಳು. ಆ ಪಿನ್ನು ಕಂಡ ಸ್ನಾನ ಅಷ್ಟೇ.

ಅವತ್ತಿನಿಂದ ಅವಳು ನನಗೆ ಅಕ್ಕ.

ಪಿನ್ನುಗಳು ತುಕ್ಕು ಹಿಡಿದು ಬದಲಾದವು. ಆದರೆ ಒಂದು ಸಲಕ್ಕೆ ಒಂದೇ ಪಿನ್ನು, ಅದು ಅವಳ ಬಳೆಯ ಮೇಲೇ. ನನ್ನ ಗಂಡನ ಕಾಲು, ಅವಳ ಗಂಡನ ಕಾಲು, ಮಕ್ಕಳ ಕಾಲು, ಬೀದಿಯವರ ಕಾಲು ಎಲ್ಲಾ ಅವಳ ತೊಡೆಯ ಮೇಲೆ ಮಲಗಿ ಎದ್ದಿವೆ. ತನ್ನ ಒಡೆದ ಹಿಮ್ಮಡಿಯ ಸಿಬಿರನ್ನೂ ಅವಳು ಅದರಲ್ಲೇ ತೆಗೆದುಕೊಳ್ಳುತ್ತಿದ್ದಳು. ಅದರಲ್ಲೇನಾದರೂ ತಪ್ಪಿದೆ ಎಂದು ಹೇಳಿದವರಿಲ್ಲ. ಹೇಳಿದ್ದರೆ ನಾವು ನಗುತ್ತಿದ್ದೆವು.

ಗಂಡಂದಿರು ಇಬ್ಬರೂ ಹೋದರು. ಅವಳ ಹೆಣ್ಣುಮಕ್ಕಳು ಹುಣಸೂರಿನ ಕಡೆ ಮದುವೆಯಾಗಿ ಸೇರಿಕೊಂಡರು. ನನ್ನ ಮಗ ಸೊಸೆಯ ಜೊತೆ ನಾವಿಬ್ಬರೂ ಒಂದೇ ಮನೆಯಲ್ಲಿ ಉಳಿದೆವು, ಒಂದೇ ಒಲೆಯ ಎರಡು ಗುಂಡುಗಳ ಹಾಗೆ. ಜಗಳ ಆಡದ ದಿನ ನಮಗೆ ಊಟ ಸೇರುತ್ತಿರಲಿಲ್ಲ.

ನಮ್ಮದು ಹೊಗೆಸೊಪ್ಪು ಬೆಳೆಯುವ ಊರು. ಮನೆಯ ಹಿಂದೆ ಬ್ಯಾರನ್ ಇದೆ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಅದರೊಳಗೆ ಸಾಲುಸಾಲಾಗಿ ನೇತುಹಾಕಿ, ಕೆಳಗಿಂದ ಬೆಂಕಿಯ ಕಾವು ಕೊಟ್ಟರೆ ಹಸಿರು ನಿಧಾನಕ್ಕೆ ಹಳದಿಯಾಗುತ್ತದೆ. ಅದನ್ನು ನಾವು ಬಣ್ಣ ಬರುವುದು ಎನ್ನುತ್ತೇವೆ. ಬಣ್ಣ ಬಂದ ಮೇಲೆ ಸೊಪ್ಪನ್ನು ಬಿಡಿಸಿ ಬೇರೆ ಬೇರೆ ಮಾಡಬೇಕು. ನಿಂಬೆಹಣ್ಣಿನ ಹಳದಿ ಒಂದು ಕಡೆ, ಕಿತ್ತಳೆಯ ಹಳದಿ ಒಂದು ಕಡೆ, ಮಚ್ಚೆ ಬಿದ್ದದ್ದು ಒಂದು ಕಡೆ. ಆ ಕೆಲಸದಲ್ಲಿ ಅಕ್ಕನನ್ನು ಮೀರಿಸಿದವರಿಲ್ಲ. ಅವಳ ಕಣ್ಣಿಗೆ ಹಳದಿಯಲ್ಲಿ ಹತ್ತಾರು ಜಾತಿ ಕಾಣುತ್ತಿದ್ದವು.

ಆ ಕಣ್ಣಿಗೇ ಪೊರೆ ಬಂತು.

"ಎಂಗ್ ಕಾಣ್ತದಕ್ಕ?" ಅಂತ ಕೇಳಿದೆ.

"ಬ್ಯಾರನ್ ಬಾಗ್ಲು ತೆಗ್ದೇಟ್ಗೆ ಹಬೆ ಬರಾಕಿಲ್ವಾ, ಅಂಗೆ. ನೀನು ಆ ಹಬೆ ಒಳ್ಗಡೆ ನಿಂತಿದ್ದೀಯ. ಮೂತಿ ಕಾಣಾಕಿಲ್ಲ, ಬಾಯಿ ಮಾತ್ರ ಕೇಳ್ತದೆ."

"ಮೂತಿ ಕಾಣ್ದಿದ್ರೆ ಒಳ್ಳೇದೇ ಆಯ್ತು ಬುಡು."

ಪೊರೆ ಬಂದ ಮೇಲೂ ಅವಳು ಮುಳ್ಳು ತೆಗೆಯುವುದನ್ನು ಬಿಡಲಿಲ್ಲ. ಬೆರಳ ತುದಿಯಲ್ಲಿ ಸವರಿ, ಎಲ್ಲಿ ಗಟ್ಟಿ ಇದೆ ಎಂದು ಹಿಡಿದು, ಕಣ್ಣು ಮುಚ್ಚಿಕೊಂಡೇ ತೆಗೆಯುತ್ತಿದ್ದಳು. ನೋಡಿದರೆ ನಿದ್ದೆಯಲ್ಲಿ ಮಾಡುತ್ತಿದ್ದಾಳೆ ಅನ್ನಿಸುತ್ತಿತ್ತು.

ಪಿರಿಯಾಪಟ್ಟಣದಲ್ಲಿ ಕಣ್ಣಿನ ಕ್ಯಾಂಪು ಮಾಡಿದರು. ಮಗ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದ. ಆಪರೇಷನ್ನಿಗೆ ಮೊದಲು ರಕ್ತ ತೆಗೆದು ನೋಡುತ್ತಾರಂತೆ. ನೋಡಿದರು, ಈಗ ಆಪರೇಷನ್ ಬೇಡ, ಮೊದಲು ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬನ್ನಿ ಎಂದು ಒಂದು ಚೀಟಿ ಕೊಟ್ಟು ಕಳಿಸಿದರು. ಮನೆಗೆ ಬಂದು ಅಕ್ಕ ಜಗುಲಿಯ ಮೇಲೆ ಧಡ್ ಎಂದು ಕುಂತಳು.

"ಎಪ್ಪತ್ತೈದಂತೆ. ಅದ್ಕೇ ಮಾಡಾಕಿಲ್ವಂತೆ. ನಂಗಿನ್ನೂ ಎಪ್ಪತ್ತೈದು ಎಲ್ಲಾಗದೆ? ನೀನೇ ಯೋಳು, ನಿನ್ ಲಗ್ನದಲ್ಲಿ ನಂಗೆಷ್ಟು ವಯಸ್ಸು?"

ಮಗ ತಲೆ ಚಚ್ಚಿಕೊಂಡ. "ಎಪ್ಪತ್ತೈದಲ್ಲ ದೊಡ್ಡವ್ವ, ಹೆಪಟೈಟಿಸ್. ಹೆಪಟೈಟಿಸ್ ಬಿ. ಕಾಮಾಲೆ ಜಾತೀದು. ನಿನ್ ರಕ್ತದಲ್ಲಿ ಅದೆಯಂತೆ."

ಕಾಮಾಲೆ ಅಂದ ಕೂಡಲೇ ಅಕ್ಕ ಎದ್ದು ಬೆಳಕಿಗೆ ಹೋಗಿ ನಿಂತಳು. ಅಂಗೈ ಚಾಚಿದಳು. ಕಣ್ಣ ರೆಪ್ಪೆ ಕೆಳಗೆಳೆದು ನನ್ನ ಮುಖದ ಹತ್ತಿರ ತಂದಳು.

"ನೋಡು. ಎಲ್ಲದೆ ಬಣ್ಣ? ಉಗುರಲ್ಲದಾ? ಕಣ್ಣಲ್ಲದಾ? ಬಣ್ಣ ಬರ್ದಿರೋ ಕಾಮಾಲೆ ಅಂದ್ರೆ ಎಂತದು? ಹಸ್ರು ಸೊಪ್ಪ ತೋರ್ಸಿ ಬೆಂದದೆ ಅಂದಂಗಾಯ್ತು."

ನಾನೂ ನೋಡಿದೆ. ಬಣ್ಣ ಇರಲಿಲ್ಲ. ಬೆಳ್ಳಗೆ, ಮುದಿ ಕಣ್ಣು ಇರುವ ಹಾಗೇ ಇತ್ತು.

ಅವಳು ನಂಬಲಿಲ್ಲ, ಆದರೆ ಹೆದರಿದಳು. ನಂಬದವರು ಹೆದರುವುದಿಲ್ಲ ಎಂದು ಯಾರು ಹೇಳಿದ್ದು? ಮಾರನೇ ದಿನ ಬೆಳಗ್ಗೆ ನಾನು ಮನೆ ಮುಂದಿನ ಹಟ್ಟಿ ಗುಡಿಸುವಾಗ ಅವಳು ತನ್ನ ತಟ್ಟೆ, ಲೋಟ, ಚಾಪೆ, ಕಂಬಳಿಗಳನ್ನು ಸೊಂಟಕ್ಕೆ ಇರುಕಿಕೊಂಡು ಬ್ಯಾರನ್ನಿನ ಕಡೆ ಹೊರಟಿದ್ದಳು. ಬ್ಯಾರನ್ನಿಗೆ ತಾಗಿಸಿ ಕಟ್ಟಿದ ಚಪ್ಪರವೊಂದಿದೆ. ಸುಗ್ಗಿಯಲ್ಲಿ ನಾವು ಅಲ್ಲಿ ಕುಂತು ಸೊಪ್ಪು ಕಟ್ಟುತ್ತೇವೆ.

"ಎಲ್ಗೋ ಸವಾರಿ?"

"ಅಂಟುಜಾಡ್ಯ ಅಂತಾವ್ರೆ. ನನ್ ಎಂಜ್ಲು ನಿಮ್ಗೆ ಬ್ಯಾಡ. ಅಲ್ಲೇ ಇರ್ತೀನಿ."

"ಇಲ್ಲ ಅಂದಿ ನೆನ್ನೆ, ಬಣ್ಣ ಇಲ್ಲ ಅಂತ?"

"ಬಣ್ಣ ಇಲ್ಲ. ಆದ್ರೂವೆ."

ನಾಲ್ಕು ಹೆಜ್ಜೆ ಹೋದವಳು ಏನೋ ನೆನಪಾಗಿ ತಿರುಗಿ ಬಂದಳು. ಬಳೆಯಿಂದ ಪಿನ್ನು ತೆಗೆದು, ಜಗುಲಿಯ ಗೋಡೆಯಲ್ಲಿ ಕ್ಯಾಲೆಂಡರ್ ನೇತುಹಾಕಿದ್ದ ಮೊಳೆಗೆ ಸಿಕ್ಕಿಸಿದಳು. ಕೈ ತಡಕಾಡಿ ಮೊಳೆ ಹುಡುಕಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಇದು ಇಲ್ಲಿರ್ಲಿ. ಮುಳ್ಳು ಗಿಳ್ಳು ಚುಚ್ಚುದ್ರೆ ಬೇಕಾಯ್ತದೆ ನಿಮ್ಗೆ," ಅಂದು ಹೋದಳು.

ನನಗೂ ಅದು ಸರಿಯಾಗಿಯೇ ಕಂಡಿತು. ಮನೆಯ ಮೇಲಿನ ಕಾಳಜಿ ಅಂದುಕೊಂಡೆ.

ಆ ಮೇಲಿನ ದಿನಗಳು ನನಗೆ ಒಂದರೊಳಗೊಂದು ಕರಗಿದ ಹಾಗೆ ನೆನಪಿವೆ. ಮಳೆ ಹನಿಯುತ್ತಿತ್ತು, ಹೊಲದಲ್ಲಿ ಸೊಪ್ಪು ಅಗಲವಾಗಿ ಎದ್ದಿತ್ತು, ಬ್ಯಾರನ್ನಿಗೆ ಇನ್ನೂ ಬೆಂಕಿ ಹಾಕಿರಲಿಲ್ಲ. ಆದರೂ ಅದರ ಗೋಡೆಯಿಂದ ಹೋದ ವರ್ಷದ ಸೊಪ್ಪಿನ ವಾಸನೆ ಬರುತ್ತಿತ್ತು, ಜೇನು ಸುಟ್ಟ ಹಾಗೆ. ಆ ವಾಸನೆಯ ನಡುವೆ ಅಕ್ಕ ಕಂಬಳಿ ಹೊದ್ದು ಕುಂತಿರುತ್ತಿದ್ದಳು. ನಾನು ದೂರದಿಂದ ನೋಡಿದರೆ ಅವಳು ಯಾರೋ ಮರೆತು ಹೋದ ಸೊಪ್ಪಿನ ಹೊರೆಯಂತೆ ಕಾಣುತ್ತಿದ್ದಳು. ಯಾರೋ ಹಾದಿಯಲ್ಲಿ ಹೋಗುವವರು ಕಾಮಾಲೆಗೆ ಪಥ್ಯ ಮಾಡಬೇಕೆಂದು ಹೇಳಿ ಹೋಗಿದ್ದರು. ಉಪ್ಪು ಬೇಡ, ಎಣ್ಣೆ ಬೇಡ, ಬೇಳೆ ಬೇಡ. ಯಾವುದೋ ಸೊಪ್ಪಿನ ರಸ ಬೆಳಗ್ಗೆ ಒಂದು ಗುಟುಕು. ಉಪ್ಪಿಲ್ಲದ ಗಂಜಿ ಕುಡಿದೂ ಕುಡಿದೂ ಅವಳ ಕೆನ್ನೆ ಒಳಗೆ ಹೋಯಿತು. ಬಳೆ ಮೊಣಕೈ ತನಕ ಜಾರುವಂತಾಯಿತು.

ನಾನು ಮುದ್ದೆ, ಹುರುಳಿಕಾಳಿನ ಸಾರು ತೆಗೆದುಕೊಂಡು ಹೋದರೆ ಮೂಸಿ ನೋಡಿ ಪಕ್ಕಕ್ಕಿಡುತ್ತಿದ್ದಳು.

"ಉಪ್ಪು ಹಾಕಿದ್ದೀಯ."

"ಉಪ್ಪು ಹಾಕ್ದೆ ಸಾರು ಮಾಡ್ದ್ರೆ ಅದ್ನ ಸಾರು ಅನ್ನಾಕಿಲ್ಲ, ಮುಸುರೆ ಅಂತಾರೆ. ಉಣ್ಣು."

"ನಂಗೇನು ಸಾಯೋ ಆಸೆ ಇಲ್ಲ."

"ಇಂಗೇ ಕುಂತಿದ್ರೆ ಆಸೆ ಇಲ್ದೇನೇ ಸಾಯ್ತೀಯ."

ನನಗೆ ಭಯ ಆಗಿತ್ತು, ಸುಳ್ಳು ಯಾಕೆ. ಅವಳು ಕಾಯಿಲೆಯಿಂದ ಸಾಯುತ್ತಾಳೆ ಎಂದಲ್ಲ. ಆ ಚಪ್ಪರದಲ್ಲಿ ಒಬ್ಬಳೇ, ಉಪ್ಪಿಲ್ಲದೆ, ಕಣ್ಣು ಕಾಣದೆ, ತಾನೇ ಮುಗಿದು ಹೋಗುತ್ತಾಳೆ ಎಂದು. ಜಗಳ ಆಡಲು ನನಗೆ ಇನ್ನು ಯಾರಿದ್ದಾರೆ?

ಆ ನಡುವೆ ಒಂದು ದಿನ ಸೊಸೆ ಹೊಲದಿಂದ ಕುಂಟಿಕೊಂಡು ಬಂದಳು. ಬೇಲಿಯ ಜಾಲಿಮುಳ್ಳು. ಜಗುಲಿಯ ಮೇಲೆ ಕುಂತು, ಮೊಳೆಯಿಂದ ಪಿನ್ನು ತೆಗೆದುಕೊಂಡು ತಾನೇ ಕೆದಕಿದಳು. ಅಕ್ಕನ ಕೈ ಎಲ್ಲಿ, ಇವಳ ಕೈ ಎಲ್ಲಿ. ಅಂಗಾಲನ್ನು ಗುದ್ದಲಿಯಲ್ಲಿ ಅಗೆದ ಹಾಗೆ ಅಗೆದಳು.

"ಅಯ್ಯೋ ಅತ್ತೆ, ದೊಡ್ಡತ್ತೆ ಇದ್ದಿದ್ರೆ ಗೊತ್ತೇ ಆಗ್ತಿರ್ನಿಲ್ಲ."

"ದೊಡ್ಡತ್ತೇನ ಬ್ಯಾರನ್ ಕಾಯಾಕೆ ಕಳ್ಸಿದ್ದೀವಲ್ಲ," ಅಂದು ನಾನು ಗಾಯಕ್ಕೆ ಸುಣ್ಣ ಹಚ್ಚಿದೆ.

ಅಕ್ಕನ ಲೋಟವನ್ನು ಸೊಸೆ ಬೂದಿ ಹಾಕಿ ಬೇರೆಯೇ ತೊಳೆಯುತ್ತಿದ್ದಳು, ಅದನ್ನು ಅಕ್ಕನೇ ಹಟ ಹಿಡಿದು ಹೇಳಿಕೊಟ್ಟಿದ್ದಳು. ಪಿನ್ನು ಮತ್ತೆ ಮೊಳೆಗೆ ಹೋಯಿತು.

ಕಡೆಗೆ ಮಗ ರೇಗಿದ. "ನಾಳಿಕ್ಕೆ ಮೈಸೂರ್ಗೆ ಓಗ್ತೀವಿ. ಬರಾಕಿಲ್ಲ ಅಂದ್ರೆ ಕಂಬಳಿ ಸಮೇತ ಎತ್ತಾಕ್ಕೊಂಡು ಓಯ್ತೀನಿ ದೊಡ್ಡವ್ವ." ಸೊಸೆಯೂ ಹೊರಟಳು, ಅವಳಿಗೆ ಮೈಸೂರು ಎಂದರೆ ಸಾಕು.

ಬೆಳಗಿನ ಬಸ್ಸು ಬೈಲಕುಪ್ಪೆಯ ಕಡೆಯಿಂದ ಬಂದಿತ್ತು. ಹೆಂಗಸರಿಗೆ ಟಿಕೆಟ್ಟಿಲ್ಲದ ಕಾಲ, ನಿಲ್ಲಲು ಜಾಗವಿರಲಿಲ್ಲ. ಒಬ್ಬ ಟಿಬೆಟ್ಟಿನ ಮುದುಕಿ ಪಕ್ಕಕ್ಕೆ ಸರಿದು ಅಕ್ಕನಿಗೆ ಜಾಗ ಕೊಟ್ಟಳು. ಅವಳ ಕೈಯಲ್ಲಿ ಜಪದ ಮಣಿ ಓಡುತ್ತಿತ್ತು. ಅಕ್ಕ ಅವಳಿಗೆ ತಾಗದ ಹಾಗೆ ಸೀಟಿನ ಅಂಚಿನಲ್ಲಿ ಕುಂತು, ತನ್ನ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಹುಣಸೂರು ದಾಟುವ ತನಕ ಹೊರಗೆ ಮಂಜು. ಮರಗಳು ಬಂದು ಬಂದು ಹೋಗುತ್ತಿದ್ದವು. ಅಕ್ಕ ಕಿಟಕಿಯ ಕಡೆ ಮುಖ ಮಾಡಿ, "ಇವತ್ತು ಎಲ್ಲಾರ್ಗೂ ನನ್ನಂಗೇ ಕಾಣ್ತಾ ಇರ್ಬೇಕು," ಅಂದಳು. ಟಿಬೆಟ್ಟಿನವಳು ನಿದ್ದೆ ಹೋಗಿ ಅಕ್ಕನ ಭುಜಕ್ಕೆ ತಲೆ ಒರಗಿಸಿದಳು. ಅಕ್ಕ ಉಸಿರು ಹಿಡಿದು ಕುಂತಿದ್ದಳು, ಆದರೆ ಭುಜ ಸರಿಸಲಿಲ್ಲ. ಎಷ್ಟೋ ದಿನದ ಮೇಲೆ ಅವಳನ್ನು ಒಬ್ಬರು ಮುಟ್ಟಿದ್ದು ಅದೇ.

ಆಸ್ಪತ್ರೆಯಲ್ಲಿ ಡಾಕ್ಟರು ಒಬ್ಬ ಹುಡುಗಿ, ನಮ್ಮ ಸೊಸೆಯ ವಯಸ್ಸು. ಅಕ್ಕನ ಹೊಟ್ಟೆ ಒತ್ತಿ ನೋಡಿ, ಕಾಗದ ನೋಡಿ, ಏನು ಊಟ ಮಾಡುತ್ತೀರಿ ಎಂದು ಕೇಳಿದಳು. ಅಕ್ಕ ಪಥ್ಯ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟಳು.

"ಅಜ್ಜಿ, ಈ ವಯಸ್ಸಲ್ಲಿ ಉಪ್ಪು, ಬೇಳೆ ಎಲ್ಲಾ ಬಿಟ್ರೆ ಕಾಯಿಲೆಗಿಂತ ಮೊದ್ಲು ಹಸಿವೇ ನಿಮ್ಮನ್ನ ಮಲಗಿಸತ್ತೆ. ಮನೇಲಿ ಎಲ್ರೂ ಉಣ್ಣೋದನ್ನೇ ಉಣ್ಣಿ. ಆ ಸೊಪ್ಪಿನ ರಸ ಇವತ್ತೇ ನಿಲ್ಸಿ. ಅದು ಲಿವರ್‌ಗೆ ಇನ್ನಷ್ಟು ಕಷ್ಟ."

"ಬಣ್ಣಾನೇ ಬಂದಿಲ್ವಲ್ಲ ತಾಯಿ."

"ಎಲ್ಲಾ ಕಾಮಾಲೆಗೂ ಬಣ್ಣ ಬರಲ್ಲ ಅಜ್ಜಿ. ಇದು ಎಷ್ಟೋ ವರ್ಷ ಸದ್ದಿಲ್ದೆ ಒಳಗೇ ಇರತ್ತೆ, ಲಿವರ್ ಗಟ್ಟಿ ಮಾಡ್ತಾ ಹೋಗತ್ತೆ. ನಿಮ್ದು ಸ್ವಲ್ಪ ಗಟ್ಟಿ ಆಗಿದೆ. ದಿನಾ ಒಂದು ಮಾತ್ರೆ ತಗೊಂಡ್ರೆ ಅಲ್ಲಿಗೇ ನಿಲ್ಲಿಸ್ಬಹುದು. ಆದ್ರೆ ಚೆನ್ನಾಗಿದೀನಿ ಅಂತ ನೀವೇ ಮಾತ್ರೆ ಬಿಡ್ಬಾರ್ದು. ಕಣ್ಣಿನ ಆಪರೇಷನ್ನೂ ಮಾಡ್ಬಹುದು, ಅದಕ್ಕೆ ನಾನು ಬರೆದು ಕೊಡ್ತೀನಿ."

ನಾನು ಮಧ್ಯ ಬಾಯಿ ಹಾಕಿದೆ. "ಇವ್ಳು ತಟ್ಟೆ ಲೋಟ ಎತ್ಕೊಂಡು ಬ್ಯಾರನ್ ಸೇರ್ಕೊಂಡವ್ಳೆ. ಅದ್ನ ವಸಿ ಕೇಳಿ."

"ಯಾಕಜ್ಜಿ? ಈ ಕಾಯಿಲೆ ಎಂಜಲಿಂದ ಬರಲ್ಲ. ಜೊತೇಲಿ ಉಂಡ್ರೆ ಬರಲ್ಲ, ಮುಟ್ಟಿದ್ರೆ ಬರಲ್ಲ. ಒಬ್ರ ರಕ್ತ ಇನ್ನೊಬ್ರಿಗೆ ಸೇರಿದ್ರೆ ಬರತ್ತೆ. ಗಂಡ ಹೆಂಡ್ತಿ ಸಂಬಂಧದಲ್ಲಿ ಬರತ್ತೆ, ತಾಯಿಂದ ಹುಟ್ಟೋ ಮಗೂಗೆ ಬರತ್ತೆ. ಮನೇಲಿ ಅಂದ್ರೆ ಒಂದೇ ಬ್ಲೇಡು, ಒಂದೇ ಸೂಜಿ, ಉಗುರು ತೆಗೆಯೋದು, ಹಲ್ಲುಜ್ಜೋ ಬ್ರಷ್ಷು... ಅಂಥದ್ದು ಏನಾದ್ರೂ ಎಲ್ರೂ ಉಪಯೋಗಿಸ್ತೀರಾ?"

ಅಕ್ಕನ ಎಡಗೈ ತಾನೇ ಎದ್ದು ಬಲಗೈ ಬಳೆಯ ಮೇಲೆ ಹೋಯಿತು. ಅಲ್ಲಿ ಪಿನ್ನು ಇರಲಿಲ್ಲ.

ನಾನು ನಕ್ಕೆ. ಅಳಬೇಕಾದ ಕಡೆ ನನಗೆ ನಗು ಬರುತ್ತದೆ, ಹುಟ್ಟುಗುಣ. ಲೋಟ ಹೊತ್ತುಕೊಂಡು ಹೋಗಿ, ಪಿನ್ನನ್ನು ನಮಗೆ ಬಿಟ್ಟು ಹೋಗಿದ್ದಳಲ್ಲ! ಬೇಲಿ ದನಕ್ಕೆ ಹಾಕಿ ಹಂದಿಗೆ ಬಾಗಿಲು ತೆಗೆದಿಟ್ಟ ಹಾಗೆ. ಸೊಸೆ ತನ್ನ ಕಾಲು ನೋಡಿಕೊಂಡಳು. ಪಿನ್ನಿನ ಕತೆ ಕೇಳಿ ಡಾಕ್ಟರು ನಗಲಿಲ್ಲ. ಮನೆಯವರೆಲ್ಲರ ರಕ್ತ ಕೊಟ್ಟು ಹೋಗಿ ಎಂದಳು.

ರಕ್ತ ಕೊಟ್ಟು ನಾವು ಉದ್ದನೆಯ ಹಜಾರದಲ್ಲಿ ಕುಂತೆವು. ಎತ್ತರದ ಗೋಡೆ, ಮೇಲಿನ ಕಿಟಕಿಯಿಂದ ಇಳಿಯುವ ಬಿಸಿಲು, ಸಾಲಾಗಿ ಬಾಡಿ ಕುಂತ ಜನ. ಒಂದು ದೊಡ್ಡ ಬ್ಯಾರನ್ನಿನೊಳಗೆ ನಮ್ಮನ್ನೆಲ್ಲ ನೇತುಹಾಕಿದ್ದಾರೆ, ಯಾರಿಗೆ ಯಾವಾಗ ಬಣ್ಣ ಬರುತ್ತದೋ ಕಾಯುತ್ತಿದ್ದಾರೆ ಅನ್ನಿಸಿತು. ಕಣ್ಣು ಮುಚ್ಚಿಕೊಂಡೆ. ಆಗ ನನಗೆ ಒಂದು ಹಳೆಯ ಸುಗ್ಗಿ ನೆನಪಿಗೆ ಬಂತು.

ಮಗ ಇನ್ನೂ ಅಂಬೆಗಾಲಿಡುವ ಕಾಲ. ಸೊಪ್ಪು ಕಟ್ಟುತ್ತಾ ಕಟ್ಟುತ್ತಾ ನನ್ನ ಕೈ ನಿಂತು ಹೋಯಿತು. ಊಟ ಕಂಡರೆ ವಾಕರಿಕೆ. ಅತ್ತೆ ನನ್ನ ಕಣ್ಣು ನೋಡಿ, ಬ್ಯಾರನ್ ಕಾವಿಗೆ ಹಳದಿಯಾಗಿದೆ, ಮಲಗಿಕೋ ಅಂದರು. ನಾನು ಬಿಡಿಸಿದ ಸೊಪ್ಪಿನ ರಾಶಿಯ ಪಕ್ಕದಲ್ಲೇ ಮಲಗಿದೆ. ಎಷ್ಟು ದಿನ ಮಲಗಿದ್ದೆನೋ ತಿಳಿಯದು. ಕಣ್ಣು ಬಿಟ್ಟಾಗಲೆಲ್ಲ ಸುತ್ತ ಹಳದಿ. ಗೋಡೆ ಹಳದಿ, ನನ್ನ ಕೈ ಹಳದಿ, ಬಾಗಿಲಲ್ಲಿ ನಿಂತ ಅಕ್ಕ ಹಳದಿ. ನಾನೂ ಒಂದು ಎಲೆ, ಬೇಯುತ್ತಾ ಇದ್ದೇನೆ, ಇನ್ನು ಸ್ವಲ್ಪ ಹೊತ್ತಿಗೆ ನನ್ನನ್ನೂ ಬಿಡಿಸಿ ಯಾವ ಜಾತಿ ಎಂದು ನೋಡುತ್ತಾರೆ ಅಂದುಕೊಳ್ಳುತ್ತಿದ್ದೆ. ಅಕ್ಕ ಬಂದು ನನ್ನ ಬಾಯಿಗೆ ರಾಗಿ ಅಂಬಲಿ ಹಾಕುತ್ತಿದ್ದಳು. ನಾಲೆಯ ನೀರು ಬ್ಯಾರನ್ನಿನ ಬಾಗಿಲಿಂದ ಒಳಗೆ ಹರಿದು ಬಂದು ನನ್ನ ಚಾಪೆಯನ್ನು ತೇಲಿಸಿಕೊಂಡು ಹೋದ ಹಾಗೂ ನೆನಪಿದೆ. ಅದು ಕನಸೇ ಇರಬೇಕು. ಆಮೇಲೆ ಒಂದು ದಿನ ಎದ್ದೆ, ಗೋಡೆ ಸುಣ್ಣದ ಗೋಡೆಯಾಗಿತ್ತು, ಹಸಿವಾಗಿತ್ತು. ಅಷ್ಟೇ.

ಕಾಗದ ಬಂದಾಗ ಡಾಕ್ಟರು ನನ್ನನ್ನೇ ಮೊದಲು ಕರೆದಳು.

"ಅಜ್ಜಿ, ನಿಮಗೂ ಬಂದಿತ್ತು. ಬಂದು ಹೋಗಿದೆ. ಈಗ ಇಲ್ಲ. ನಿಮ್ಮ ದೇಹ ತಾನೇ ಓಡ್ಸಿದೆ, ಕೆಲವರಿಗೆ ಹಾಗಾಗತ್ತೆ. ಕೆಲವರಲ್ಲಿ ಉಳ್ಕೊಂಡು ಬಿಡತ್ತೆ, ಇವರಿಗೆ ಆದ ಹಾಗೆ. ಮುಂದೆ ಯಾವ ಡಾಕ್ಟರ್ ಹತ್ರ ಹೋದ್ರೂ ಈ ಮಾತು ಹೇಳಿ."

ಬಂದು ಹೋಗಿದೆ. ನೆಂಟರ ಸುದ್ದಿ ಹೇಳಿದ ಹಾಗಿತ್ತು. ನಾನು ಕೆಸರು ತುಳಿಯುತ್ತಾ, ಸೊಪ್ಪು ಕಟ್ಟುತ್ತಾ, ಇವಳ ಜೊತೆ ಜಗಳ ಕಾಯುತ್ತಾ ಇದ್ದಾಗ ನನ್ನ ಮೈಯೊಳಗೆ ಒಬ್ಬರು ಬಂದು, ಇದ್ದು, ಹೇಳದೆ ಎದ್ದು ಹೋಗಿದ್ದಾರೆ. ಮಗನಿಗೂ ಸೊಸೆಗೂ ಏನೂ ಇರಲಿಲ್ಲ. ಇಬ್ಬರಿಗೂ ಲಸಿಕೆ ಹಾಕಿ, ಉಳಿದ ಸೂಜಿಗಳಿಗೆ ಬರುವ ದಿನ ಹೇಳಿದರು. ಪಿನ್ನು ಚುಚ್ಚಿಕೊಂಡಿದ್ದರಿಂದ ಸೊಸೆ ಕೆಲವು ತಿಂಗಳ ಮೇಲೆ ಇನ್ನೊಮ್ಮೆ ರಕ್ತ ಕೊಡಬೇಕೆಂದರು. ಅಕ್ಕನ ಹೆಣ್ಣುಮಕ್ಕಳಿಗೂ ಪರೀಕ್ಷೆ ಮಾಡಿಸಲು ಹೇಳಿದರು. ಅಕ್ಕನ ಕೈಗೆ ಮಾತ್ರೆ ಕೊಟ್ಟರು.

ಇನ್ನು ಮನೆಯೊಳಗೆ ಬರುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಊರಿಗೆ ಬಂದವಳು ನೇರ ಚಪ್ಪರಕ್ಕೆ ಹೋದಳು. ಲೋಟದ ಭಯ ಹೋಗಿ ಪಿನ್ನಿನ ನಾಚಿಕೆ ಹಿಡಿದಿತ್ತು. ಮಾತ್ರೆಯ ಡಬ್ಬಿ ಮುಚ್ಚಿದಂತೆಯೇ ಇತ್ತು.

"ನಾನೇ ಅಂಟ್ಸಿದ್ದು. ನಿನ್ಗೆ, ಬೀದಿಯವ್ರಿಗೆ, ಯಾರ್ಯಾರ್ಗೋ. ಸಾಯ್ಲಿ ಬುಡು ಈ ಮುಂಡೆ," ಅಂದಳು.

"ಬೀದಿಯವ್ರಿಗೆಲ್ಲಾ ಯೋಳವ್ನೆ ನಮ್ ಮಗ, ರಕ್ತ ನೋಡುಸ್ಕಳ್ಳಿ ಅಂತ. ನೀನ್ಯಾಕೆ ಸಾಯ್ಬೇಕು?"

"ನನ್ ಪಿನ್ನು."

"ಪಿನ್ನು ನಿಂದು, ಜಾಡ್ಯ ಯಾರ್ದು? ನನ್ಗೆ ಆ ಸುಗ್ಗೀಲಿ ಬಣ್ಣ ಬಂದಿತ್ತಲ್ಲ, ಮರ್ತ್ಯಾ? ನಂಗೆ ಮೊದ್ಲು ಬಂದು, ನನ್ ಕಾಲಿಂದ ನಿನ್ ಕಾಲಿಗೆ ಬಂದಿದ್ರೆ? ಎಲ್ಲಿಂದ ಬಂತು ಅಂತ ಡಾಕ್ಟ್ರಮ್ಮಂಗೇ ಗೊತ್ತಿಲ್ಲ, ನಿನ್ಗೆ ಗೊತ್ತಾಯ್ತಾ?"

ಅವಳು ನನ್ನ ಕಡೆ ಮುಖ ತಿರುಗಿಸಿದಳು. ಆ ಹಬೆಯೊಳಗೆ ನನ್ನನ್ನು ಹುಡುಕುತ್ತಿದ್ದಳು. ಮಾತು ತಾಗಿತ್ತು, ಆದರೆ ಎದ್ದು ಬರಲಿಲ್ಲ.

ಸಿಟ್ಟಿನಲ್ಲಿ ನಾನು ದಾಪುಗಾಲು ಹಾಕಿ ಹಿಂದಕ್ಕೆ ಹೊರಟೆ. ಬ್ಯಾರನ್ನಿಗೆಂದು ತಂದು ಹಾಕಿದ್ದ ಸೌದೆಯ ಹತ್ತಿರ ಮುಳ್ಳು ಹೊಕ್ಕಿತು. ಅದೇ ಹಿಮ್ಮಡಿ. ದೇವರು ಇದ್ದಾನೋ ಇಲ್ಲವೋ, ಮುಳ್ಳು ಇದೆ. ನಾನು ಅಲ್ಲೇ ನಿಂತು ಯೋಚಿಸಿದೆ. ಆಮೇಲೆ ಕುಂಟಿಕೊಂಡು ಮನೆಗೆ ಬಂದು ಕುಂತೆ.

ಸೊಸೆ ತೆಗೆಯುತ್ತೇನೆ ಅಂದಳು. ಬೇಡ ಅಂದೆ. ಮಗ ತೆಗೆಯುತ್ತೇನೆ ಅಂದ. ಮುಟ್ಟಿದರೆ ಒದೀತೀನಿ ಅಂದೆ. ಹಿಮ್ಮಡಿ ಊದಿಕೊಂಡಿತು. ದಿನವೂ ಬೆಳಗ್ಗೆ ಅವಳ ಚಪ್ಪರದ ಮುಂದೆ, ಅವಳಿಗೆ ಕೇಳುವ ಹಾಗೆ ಕಾಲು ಎಳೆದುಕೊಂಡು ನಡೆದೆ. ಕಣ್ಣು ಕಾಣದಿದ್ದರೇನು, ಕಿವಿ ನಾಯಿಯ ಕಿವಿ ಅವಳದು.

"ಯಾಕೆ ಕುಂಟ್ತೀಯ?"

"ಮುಳ್ಳು."

"ತೆಗುಸ್ಕೊ."

"ತೆಗೆಯೋಳು ಬ್ಯಾರನ್ನಲ್ಲವ್ಳೆ."

"ಕೀವಾಯ್ತದೆ ಕಣಮ್ಮಿ!"

"ಆಗ್ಲಿ. ನೀನು ಒಳೀಕೆ ಬಂದು, ಉಪ್ಪು ಹಾಕಿದ್ ಸಾರುಂಡು, ಮಾತ್ರೆ ನುಂಗೋಗಂಟ ಇದು ಇಲ್ಲೇ ಇರ್ತದೆ. ನಿಂಗೆ ಸಾಯೋಕೆ ಲಿವರ್ರು, ನಂಗೆ ಹಿಮ್ಮಡಿ. ಜೊತೇಲೇ ಓಗಣ."

"ಥೂ, ಹಟಮಾರಿ ಮುಂಡೆ."

ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ನೆರಳು ಬಿತ್ತು. ಕೈಯಲ್ಲಿ ತಟ್ಟೆ, ಲೋಟ, ಮಾತ್ರೆಯ ಡಬ್ಬಿ. ಸೊಸೆ ಮುದ್ದೆ ಇಟ್ಟು, ಹುರುಳಿಕಾಳಿನ ಸಾರು ಬಿಟ್ಟಳು. ಅಕ್ಕ ಮೊದಲ ತುತ್ತು ನುಂಗಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದಳು. ಎಲ್ಲೋ ದೂರದಿಂದ ಯಾರೋ ಕರೆದದ್ದನ್ನು ಕೇಳಿಸಿಕೊಳ್ಳುತ್ತಿರುವವಳ ಹಾಗೆ.

"ಉಪ್ಪು ಜಾಸ್ತಿ ಆಗದೆ," ಅಂದಳು. ಎಲ್ಲಾ ಉಂಡಳು. ಮಾತ್ರೆ ನುಂಗಿದಳು. ಆಮೇಲೆ ಗೋಡೆಗೆ ಒರಗಿ ತೊಡೆ ತಟ್ಟಿದಳು. "ಇಡು ಕಾಲ. ಪಿನ್ನು ನಿಂದೇ ತಕ್ಕಬಾ. ಹೊಸದು. ಬಿಸಿನೀರಲ್ಲಿ ಕುದ್ಸಿ ತಕ್ಕಬಾ."

ಮಗ ಕಂಪಲಾಪುರದ ಅಂಗಡಿಯಿಂದ ಪಿನ್ನಿನ ಗೊಂಚಲನ್ನೇ ತಂದಿಟ್ಟಿದ್ದ. ಸೊಸೆ ಒಂದನ್ನು ಕುದಿಸಿಕೊಟ್ಟಳು. ಅಕ್ಕ ಕಣ್ಣು ಮುಚ್ಚಿ, ಬೆರಳ ತುದಿಯಲ್ಲಿ ನನ್ನ ಹಿಮ್ಮಡಿ ಸವರಿದಳು. ಎಂಜಲು ಸವರಲಿಲ್ಲ. ಮುಳ್ಳು ಬಂತು. ನಾಲೆಯ ನೀರು ಕಾಲಿಗೆ ತಾಕಿದ ಹಾಗಾಯಿತು ನನಗೆ. ಮೊಳೆಯ ಮೇಲಿದ್ದ ಹಳೇ ಪಿನ್ನನ್ನು ಸುಗ್ಗಿಯಲ್ಲಿ ಬ್ಯಾರನ್ನಿನ ಬೆಂಕಿಗೆ ಹಾಕಿದೆವು. ಈಗ ನಮ್ಮ ಮನೆಯಲ್ಲಿ ತಲೆಗೊಂದು ಪಿನ್ನು. ನಮ್ಮ ಮನೆಗೆ ಮುಳ್ಳು ತೆಗೆಸಿಕೊಳ್ಳಲು ಬರುವವರು ತಮ್ಮ ಪಿನ್ನು ತಾವೇ ತರಬೇಕು. ಮೊದಮೊದಲು ನಕ್ಕರು, ಈಗ ತರುತ್ತಾರೆ. ಸೊಸೆಯ ಎರಡನೇ ರಕ್ತದಲ್ಲೂ ಏನೂ ಇರಲಿಲ್ಲ.

ಚಳಿಗಾಲದಲ್ಲಿ ಅಕ್ಕನ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ ಮನೆಗೆ ಕರೆತಂದ ದಿನ ಅವಳು ಹಟ್ಟಿಯಲ್ಲಿ ನಿಂತು ಬ್ಯಾರನ್ ನೋಡಿದಳು, ಆಕಾಶ ನೋಡಿದಳು, ಉಳಿದಿದ್ದ ಒಂದೆರಡು ಒಣ ಸೊಪ್ಪನ್ನು ಎತ್ತಿ ಬಿಸಿಲಿಗೆ ಹಿಡಿದು ಹಳದಿ ನೋಡಿದಳು. ಆಮೇಲೆ ಜಗುಲಿಯ ಮೇಲೆ ಕುಂತು ನನ್ನ ಕಾಲನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು. ಮುಳ್ಳು ಇರಲಿಲ್ಲ. ಸುಮ್ಮನೆ ತಿರುಗಿಸಿ ತಿರುಗಿಸಿ ನೋಡಿದಳು.

"ಇಷ್ಟು ಕೊಳಕು ಕಾಲೇನಮ್ಮಿ ನಿಂದು? ಇಷ್ಟು ವರ್ಸ ನಾನು ಇದ್ನ ಮುಟ್ತಿದ್ನಾ?"

"ಮೊದ್ಲು ಮಾತ್ರೆ ನುಂಗು," ಅಂದೆ. ಕಾಲನ್ನು ಎಳೆದುಕೊಳ್ಳಲಿಲ್ಲ.